ಕಿಟಕಿ ಮೇಜಿನ ಲಾಗಿನ್

ಇದು ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು. ಕಟ್ಟುಕತೆಯಲ್ಲ.

ಅಕ್ಕನ ಆಫೀಸಿನ ಹಿಂದೆ ಹಲಗೆ ಮುಚ್ಚಿದ ಹಳೇ ಬಾವಿಯೊಂದಿದೆ. ಆ ರಾತ್ರಿ ಹನ್ನೊಂದೂಕಾಲಿಗೆ ಅಕ್ಕ ಅದನ್ನು ದಾಟಿ ಮನೆಯ ಕಡೆ ಹೊರಟಿದ್ದಳು. ಹಿಂದಿನಿಂದ ಕಾವಲುಗಾರ ಓಡಿಬಂದ.

"ಅಕ್ಕಾ... ಮೇಲೆ ಯಾರನ್ನ ಬಿಟ್ಟು ಬಂದ್ರಿ?"

"ಯಾರೂ ಇಲ್ಲವಲ್ಲ."

"ಟೈಪ್ ಮಾಡೋ ಸದ್ದು ಬರ್ತಿದೆ. ನೀವೇ ಹೋಗಿ ನೋಡಿ. ನನಗೆ ಹೆಂಡತಿ ಮಕ್ಕಳಿದ್ದಾರೆ."

ಅಕ್ಕ ಹಿಂತಿರುಗಿದಳು.

ಅವತ್ತು ಎಲ್ಲರೂ ಮನೆಗೆ ಹೋದ ಮೇಲೆ ಅವಳು ಹಳೇ ಡೊಮೇನ್ ಕಂಟ್ರೋಲರ್ ಆಫ್ ಮಾಡಿದ್ದಳು. ಮುನ್ನೂರು ಜನರ ಹೆಸರು, ಪಾಸ್‌ವರ್ಡ್ ನೋಡಿ ಒಳಗೆ ಬಿಡುವ ಯಂತ್ರ ಅದು. ಹದಿಮೂರು ವರ್ಷದ ಹಿಂದೆ ಅದನ್ನು ಕೂರಿಸಿದ್ದು ಭಾವ, ಅಕ್ಕನ ಗಂಡ. ಇಬ್ಬರದೂ ಅದೇ ಆಫೀಸು, ಅದೇ ಕೋಣೆ, ಒಂದೇ ಕೆಲಸ. ಭಾವ ತೀರಿಕೊಂಡು ನಾಲ್ಕು ತಿಂಗಳು. ಅವರ ಲಾಗಿನ್ ಖಾತೆಯನ್ನು ಅದೇ ವಾರ ಅಳಿಸಿದ್ದೂ ಅಕ್ಕನೇ... ನಿಯಮ ಹಾಗಿತ್ತು. ಅವರದೆಂದು ಅಲ್ಲಿ ಉಳಿದಿದ್ದು ಆ ಯಂತ್ರವೊಂದೇ. ಅದರ ಮುಂದೆ ಹೆಚ್ಚು ಹೊತ್ತು ನಿಲ್ಲಲಾರದೆ, ಅದರ ಜಾಗಕ್ಕೆ ತಂದ ಹೊಸ ಸರ್ವರಿಗೆ ಎಲ್ಲ ನಕಲಾಗಿದೆ ಎಂದು ಪರದೆಯಲ್ಲಿ ಕಂಡ ಕೂಡಲೇ ಹೊರಟುಬಿಟ್ಟಿದ್ದಳು. ಬೆಳಗ್ಗೆ ಆರಕ್ಕೆ ಗುಜರಿಯವರು ಅದನ್ನು ಒಯ್ಯುವವರಿದ್ದರು.

ಮೆಟ್ಟಿಲಲ್ಲೇ ಕೇಳಿಸಿತು. ಟಿಕ್... ಟಿಕ್ ಟಿಕ್... ಠಪ್!

ಎರಡೇ ಬೆರಳಿನ ಟೈಪಿಂಗ್. ಕೊನೆಗೆ ಎಂಟರ್ ಕೀಗೆ ಒಂದು ಏಟು. "ಪಾಪ, ಅದೇನು ತಪ್ಪು ಮಾಡಿದೆ ಅಂತ ಹೊಡೀತೀರಿ?" ಎಂದು ಅವಳು ದಿನಾ ಭಾವನನ್ನು ಛೇಡಿಸುತ್ತಿದ್ದಳು.

"ರೀ..." ಪಿಸುಗುಟ್ಟಿದಳು. "ನೀವಾ?"

ಸದ್ದು ನಿಂತಿತು.

ಕಿಟಕಿ ಪಕ್ಕದ ಗುಮಾಸ್ತರ ಮೇಜಿನಲ್ಲಿ ಒಂದೇ ಒಂದು ಕಂಪ್ಯೂಟರ್ ಬೆಳಗುತ್ತಿತ್ತು. ಕುರ್ಚಿ ಖಾಲಿ. ಪರದೆಯ ಮೇಲೆ ಭಾವನ ಹೆಸರು. ಅದರ ಕೆಳಗೆ, 'ಲಾಗಿನ್ ಸರ್ವರ್ ಸಿಗುತ್ತಿಲ್ಲ.'

ಆಗ ನೆನಪಾಯಿತು, ಭಾವನ ಮಾತು. "ಮೊದಲು ಹಳೇದರ ಕೇಬಲ್ ಮಾತ್ರ ಕಿತ್ತು, ಬೇರೆಯವರ ಮೇಜಲ್ಲಿ ಕೂತು ಲಾಗಿನ್ ಆಗಿ ನೋಡು ಕಣೇ. ಬಾಗಿಲು ನಮಗಲ್ಲ, ಅವರಿಗೆ ತೆರೀಬೇಕು. ಆಮೇಲೂ ಒಂದು ವಾರ ಹಳೇದನ್ನ ಕಳಿಸಬೇಡ."

ಅವಳು ಕೂತು ನೋಡಿರಲಿಲ್ಲ. ಮೇಜುಗಳ ಮೇಲಿನ ಕಂಪ್ಯೂಟರ್‌ಗಳೆಲ್ಲ ಇನ್ನೂ ಹಳೇ ಯಂತ್ರದ ವಿಳಾಸವನ್ನೇ ಹುಡುಕುತ್ತಿದ್ದವು. ಬೆಳಗಾದರೆ ಮುನ್ನೂರು ಜನರಲ್ಲಿ ಒಬ್ಬರಿಗೂ ಕೆಲಸ ಶುರುಮಾಡಲು ಆಗುತ್ತಿರಲಿಲ್ಲ. ಗುಜರಿಯವರಿಗೆ ಬರಬೇಡಿ ಎಂದು ಸಂದೇಶ ಕಳಿಸಿದಳು. ಅಳುತ್ತಲೇ ವಿಳಾಸಗಳನ್ನು ಹೊಸದಕ್ಕೆ ತಿರುಗಿಸಿದಳು.

ಬೆನ್ನ ಹಿಂದೆ... ಟಿಕ್ ಟಿಕ್... ಠಪ್!

ತಿರುಗಿ ನೋಡಲಿಲ್ಲ. "ಬಾಗಿಲು ತೆರೀತಾ ರೀ?" ಎಂದಷ್ಟೇ ಕೇಳಿದಳು.

ಕುರ್ಚಿ ಒಮ್ಮೆ ಕಿರ್ರ್ ಎಂದಿತು.

ನಂಬದಿದ್ದರೆ ಬೇಡ. ಹೊಸ ಸರ್ವರಿನ ದಾಖಲೆಯನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅಕ್ಕ ಅಳಿಸಿದ ಅದೇ ಹೆಸರು, ರಾತ್ರಿ ಹನ್ನೆರಡು ನಲವತ್ತಕ್ಕೆ ಒಳಗೆ ಬಂದ ಸಾಲು ಇದೆ. ಹೊರಗೆ ಹೋದ ಸಾಲು ಇವತ್ತಿಗೂ ಇಲ್ಲ.