ಮೂರನೇ ಸೇತುವೆಯಲ್ಲಿ ಕರೆದದ್ದು

ಬಾಗಿಲು ಹಾಕ್ಕೊಂಡು ಬಂದು ಕೂತ್ಕೊಳ್ಳಿ. ಇದನ್ನ ಜೋರಾಗಿ ಹೇಳೋಕೆ ಆಗಲ್ಲ.

ಮಾಕಳಿದುರ್ಗದ ಬೆಟ್ಟದ ಹಿಂದೆ ನಮ್ಮೂರಲ್ಲಿ ಬೈರೇಶ ಅಂತ ಇದ್ದಾನಲ್ಲ, ದೊಡ್ಡಬಳ್ಳಾಪುರದಲ್ಲಿ ತನ್ನದೇ ಆಂಬುಲೆನ್ಸ್ ಓಡಿಸೋನು, ಅವನಿಗೆ ಆಗಿದ್ದು ಇದು. ಬೈರೇಶ ಹೆದರೋ ಆಸಾಮಿ ಅಲ್ಲ. ಹನ್ನೊಂದು ವರ್ಷದಿಂದ ಹೆಣ ಸಾಗಿಸ್ತಿದ್ದಾನೆ. ಹಿಂದೆ ಹೆಣ ಮಲಗಿಸ್ಕೊಂಡು ಮುಂದೆ ಕೂತು ಚಿತ್ರಾನ್ನ ತಿಂದಿರೋನು. ಆದ್ರೆ ಹೋದ ವರ್ಷ ದೀಪಾವಳಿ ಕಳೆದ ವಾರ ಅವನು ತರಬೇಕಾಗಿ ಬಂದದ್ದು ಸ್ವಂತ ಚಿಕ್ಕಪ್ಪನ ಮಗ ನವೀನ್‌ಕುಮಾರನ ಹೆಣ.

ನವೀನನಿಗೆ ಇಪ್ಪತ್ತಾರು. ದಾಬಸ್‌ಪೇಟೆಯ ಒಂದು ಗೋಡೌನಿನಲ್ಲಿ ಕೆಲಸ. ಜೊತೆಯವರ ಸಂಗಡ ಗೋಕರ್ಣದಿಂದಾಚೆ ಎಲ್ಲೋ ಸಮುದ್ರ ನೋಡೋಕೆ ಹೋದ. ನಾಲ್ಕು ಜನ ನೀರಿಗೆ ಇಳಿದ್ರು. ಮೂರು ಜನ ಎದ್ದು ಬಂದ್ರು.

ಹೆಣ ತರೋಕೆ ಹೋದದ್ದು ಬೈರೇಶ, ಅವನ ಚಿಕ್ಕಪ್ಪ, ಅಂದ್ರೆ ನವೀನನ ಅಪ್ಪ ಪಿಳ್ಳಪ್ಪ, ಇಬ್ಬರೇ. ಪೋಸ್ಟ್‌ಮಾರ್ಟಂ ಮುಗಿದು, ಸಹಿ ಹಾಕಿ, ಗಾಡಿಗೆ ಏರಿಸೋ ಹೊತ್ತಿಗೆ ರಾತ್ರಿ ಎಂಟು. ಆವಾಗ ಊರಿಂದ ಫೋನ್ ಬಂತು. ನವೀನನ ತಾಯಿ ಮುನಿಲಕ್ಷ್ಮಮ್ಮ. ಅಳ್ತಾ ಇರಲಿಲ್ಲ.

"ಬೈರೇಸ, ಆ ಕಡೆ ಹೊಳೆ ಜಾಸ್ತಿ ಅಂತಾರೆ."

"ಹೂಂ ಚಿಕ್ಕಮ್ಮ. ಒಂದಾದ ಮೇಲೆ ಒಂದು ಸೇತುವೆ."

"ನೀರಲ್ಲಿ ಹೋದವ್ನು ನೀರು ದಾಟಕ್ಕೆ ಹೆದರ್ತಾನೆ ಕಣಪ್ಪ. ಸೇತುವೆ ಬಂದಾಗೆಲ್ಲ ಅವನ ಹೆಸರಿಡ್ದು ಕರೀರಿ. ಬಾ, ಮನೆಗೆ ಹೋಗಾಣ ಅನ್ನಿ. ಒಂದೂ ಬಿಡಬೇಡಿ."

"ಆಯ್ತು ಚಿಕ್ಕಮ್ಮ."

ಕರಾವಳಿಯ ಆ ಸ್ಟೇಟ್ ಹೈವೇಯಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಗೊತ್ತು. ಒಂದು ಕಡೆ ಸಮುದ್ರ... ಕಾಣಲ್ಲ, ಬರೀ ಸದ್ದು. ಇನ್ನೊಂದು ಕಡೆ ಉಪ್ಪುನೀರು ನಿಂತ ಗದ್ದೆ. ಒಣಮೀನಿನ ವಾಸನೆ. ನಮ್ಮ ಕಡೆಯವರಿಗೆ ಅಷ್ಟೊಂದು ನೀರು ಕಂಡ್ರೇ ಒಂಥರಾ. ಆ ರೋಡಿನಲ್ಲಿ ಮೂರು ಸೇತುವೆ ದಾಟಿದ್ರೆ ಒಂದು ಲಿಂಕ್ ರೋಡು ಸಿಗುತ್ತೆ. ಅದು ಹಳ್ಳಿಗಳ ಮಧ್ಯ ಹಾದು ಘಾಟಿಗೆ ಸೇರುತ್ತೆ.

ಮೊದಲನೇ ಸೇತುವೆ ಬಂತು. ಪಿಳ್ಳಪ್ಪ ಹಿಂದಕ್ಕೆ ತಿರುಗಿ ಕರೆದ.

"ನವೀನಾ... ಬಾರಪ್ಪ. ಮನೆಗೆ ಹೋಗಾಣ."

ಎರಡನೇ ಸೇತುವೆಯಲ್ಲೂ ಕರೆದ. ದನಿ ಒಡೆದಿತ್ತು. ಹಿಂದೆ ಸ್ಟ್ರೆಚರಿನ ಬೆಲ್ಟಿನ ಬಕಲ್ಲು ಕಬ್ಬಿಣಕ್ಕೆ ತಾಗಿ ಕಿಣಿ... ಕಿಣಿ... ಅಂತಿತ್ತು. ಆಸ್ಪತ್ರೆ ಬಿಟ್ಟಾಗಿನಿಂದ ಅದೊಂದು ಸದ್ದು ನಿಂತೇ ಇರಲಿಲ್ಲ.

ಮೂರನೇದು ಉದ್ದದ ಸೇತುವೆ. ಹಳೇದು. ಪಿಳ್ಳಪ್ಪನಿಗೆ ನಿದ್ದೆ ಹತ್ತಿತ್ತು. ಎರಡು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ ಪಾಪ, ತಲೆ ಗಾಜಿಗೆ ಒರಗಿತ್ತು. ಎಬ್ಬಿಸೋಕೆ ಬೈರೇಶನಿಗೆ ಮನಸ್ಸು ಬರಲಿಲ್ಲ. ತಾನೇ ಕರೆಯೋಣ ಅಂದ್ಕೊಂಡ. ಅಷ್ಟರಲ್ಲಿ ಎದುರಿಂದ ಒಂದು ಟ್ಯಾಂಕರ್ ಕಣ್ಣಿಗೆ ಲೈಟ್ ಹೊಡ್ಕೊಂಡು ಬಂತು. ಗಾಡಿ ಅಂಚಿಗೆ ತಗೊಂಡ, ಬೈದ, ನೇರ ಮಾಡ್ಕೊಂಡ... ಸೇತುವೆ ಮುಗಿದುಹೋಗಿತ್ತು.

ಒಂದಲ್ವಾ, ಪರವಾಗಿಲ್ಲ ಅಂದ್ಕೊಂಡ.

ಆಮೇಲೆ ಗಮನಿಸಿದ. ಬಕಲ್ಲಿನ ಸದ್ದು ನಿಂತುಹೋಗಿತ್ತು.

ತಿರುಗಿಸ್ಕೊಂಡು ಹೋಗಿದ್ರೆ ಐದು ನಿಮಿಷದ ಕೆಲಸ. ಅವನು ಹೋಗಲಿಲ್ಲ. ಲಿಂಕ್ ರೋಡಿಗೆ ಗಾಡಿ ತಿರುಗಿದಾಗ ಪಿಳ್ಳಪ್ಪನಿಗೆ ಎಚ್ಚರ ಆಯ್ತು.

"ಹೊಳೆ ಎಲ್ಲಾ ದಾಟಿದ್ವಾ? ಕರೆದ್ಯೇನೋ?"

"ಕರೆದೆ ಚಿಕ್ಕಪ್ಪ."

ಮಾರನೇ ದಿನ ಹೊಲದಲ್ಲಿ ಮಣ್ಣು ಮಾಡಿದ್ರು. ಮೂರನೇ ದಿನ ಹಾಲುತುಪ್ಪ. ಎಡೆ ಇಟ್ಟು ದೂರ ನಿಂತ್ರು. ಕಾಗೆ ಬರಲಿಲ್ಲ. ಬಿಸಿಲು ನೆತ್ತಿಗೆ ಬಂತು, ಎಲೆ ಬಾಡ್ತು, ಅನ್ನಕ್ಕೆ ಇರುವೆ ಸಹ ಮುತ್ತಲಿಲ್ಲ. ಊರಿನ ಹಿರಿಯ ಅಪ್ಪಯ್ಯಣ್ಣ ಏನೇನೋ ಹರಕೆ ಹೊತ್ತುಕೊಂಡ್ರು. ಊಹೂಂ.

ಅವತ್ತಿಂದ ಮುನಿಲಕ್ಷ್ಮಮ್ಮ ಊಟ ಬಿಟ್ಟಳು. ಬೈರೇಶ ಹೋಗಿ ಪಕ್ಕದಲ್ಲಿ ಕೂತ್ರೆ ಪಿಸುಮಾತಲ್ಲಿ ಹೇಳ್ತಿದ್ದಳು.

"ದಿನಾ ಕನಸಲ್ಲಿ ಬತ್ತಾನೆ ಕಣೋ. ಒಂದು ಸೇತುವೆ ತುದೀಲಿ ನಿಂತವ್ನೆ. ಮೈಯೆಲ್ಲ ನೀರು. ಹೋಗೋ ಬರೋ ಗಾಡಿಗೆಲ್ಲ ಕೈ ಅಡ್ಡ ಹಾಕ್ತಾನೆ... ಯಾರೂ ನಿಲ್ಲಿಸಲ್ಲ ಬೈರೇಸ. ನೀವು ತಂದು ಮಣ್ಣು ಮಾಡಿದ್ದು ಬರೀ ಮೈ."

ಬೈರೇಶ ಎಂಟು ದಿನ ತಡ್ಕೊಂಡ. ನಾಳೆ ಹನ್ನೊಂದನೇ ದಿನದ ತಿಥಿ ಅನ್ನೋವಾಗ ಯಾರಿಗೂ ಹೇಳದೆ, ಮಧ್ಯಾಹ್ನ ಅದೇ ಆಂಬುಲೆನ್ಸ್ ತಗೊಂಡು ಒಬ್ಬನೇ ಹೊರಟ. ದಾಬಸ್‌ಪೇಟೆ, ತುಮಕೂರು, ಶಿವಮೊಗ್ಗ, ಘಾಟಿ, ಲಿಂಕ್ ರೋಡು... ಆ ಮೂರನೇ ಸೇತುವೆ ಮೇಲೆ ಗಾಡಿ ನಿಲ್ಲಿಸಿದಾಗ ರಾತ್ರಿ ಒಂದೂವರೆ.

ಎಂಜಿನ್ ಆಫ್ ಮಾಡಿದ. ಕೆಳಗೆ ನೀರು ಕಂಬಗಳಿಗೆ ತಾಗಿ ಗುಳಕ್... ಗುಳಕ್... ಅಂತಿತ್ತು. ದೂರದಲ್ಲಿ ಯಾವುದೋ ದೋಣಿಯ ಹಗ್ಗ ಕಿರ್ರ್ ಅಂದು ಸುಮ್ಮನಾಯ್ತು. ಬೈರೇಶ ಇಳಿದು ಪಕ್ಕದ ಬಾಗಿಲು ಎಳೆದು ತೆರೆದಿಟ್ಟ. ಸರ್ರ್... ಧಡ್. ಮತ್ತೆ ಹೋಗಿ ಸೀಟಿನಲ್ಲಿ ಕೂತ. ಕಣ್ಣು ಮುಂದಕ್ಕೆ ನೆಟ್ಟ.

ಕರೆಯೋಕೆ ಬಾಯಿ ತೆರೆದ. ಹೆಸರು ಹೊರಡಲಿಲ್ಲ. ಹನ್ನೊಂದು ವರ್ಷ ಹೆಣದ ಜೊತೆ ಓಡಾಡಿದವನಿಗೆ ಅವತ್ತು ಮೊದಲನೇ ಸಲ ಭಯ ಅಂದ್ರೆ ಏನು ಅಂತ ಗೊತ್ತಾಯ್ತು. ಕಷ್ಟಪಟ್ಟು ಹೊರಬಂದದ್ದು ಇಷ್ಟೇ...

"ಬಾ... ಮನೆಗೆ ಹೋಗಾಣ."



ಆಮೇಲೆ ಪಚ್... ಪಚ್... ಒದ್ದೆ ಕಾಲಿನ ಸದ್ದು. ಗಾಡಿ ಎಡಕ್ಕೆ ಒಂದು ಸಲ ವಾಲಿತು. ಯಾರೋ ಹತ್ತಿದ ಹಾಗೆ. ಬೈರೇಶನ ಕಣ್ಣಲ್ಲಿ ನೀರು ಬಂತು. ಬಂದ, ಸದ್ಯ ಬಂದ ಅಂದ್ಕೊಂಡ.

ಗಾಡಿ ಇನ್ನೊಂದು ಸಲ ವಾಲಿತು.

ಮತ್ತೊಂದು ಸಲ.

ಮೂರು... ನಾಲ್ಕು... ಐದನೇದು ಹಗುರ, ಮಗು ಹತ್ತಿದ ಹಾಗೆ. ಆರಕ್ಕೆ ಬೈರೇಶ ಎಣಿಸೋದು ಬಿಟ್ಟ. ಪಾಚಿ ವಾಸನೆ ಮೂಗಿಗೆ ಅಡರ್ತು. ಬಾಗಿಲು ತಾನಾಗೇ ಮುಚ್ಕೊಂತು. ಸರ್ರ್... ಧಡ್.

ಕಿವಿ ಹತ್ತಿರ ಒಂದು ಗಂಡಸಿನ ದನಿ. ಕರಾವಳಿ ಕಡೆಯ ಮಾತು. ಮೆಲ್ಲಗೆ ಕೇಳಿತು.

"ಯಾವ್ ಊರಿಗೆ ಹೋಗೂದು?"

ನವೀನನ ದನಿ ಅಲ್ಲ.

ಬೈರೇಶ ಕನ್ನಡಿ ನೋಡಲಿಲ್ಲ. ಗಾಡಿ ಎತ್ತಿದ. ಇಳಿಸೋಕೆ ಧೈರ್ಯ ಇಲ್ಲ, ಇಳೀರಿ ಅನ್ನೋಕೆ ಬಾಯಿಲ್ಲ. ಖಾಲಿ ಗಾಡಿ ಘಾಟಿಯಲ್ಲಿ ಫಸ್ಟ್ ಗೇರಲ್ಲಿ ಏದುಸಿರು ಬಿಟ್ಕೊಂಡು ಹತ್ತಿತು. ದಾರಿಯುದ್ದಕ್ಕೂ ಹಿಂದೆ ತೊಟ್... ತೊಟ್... ನೀರು ಬೀಳೋ ಸದ್ದು. ನಡುನಡುವೆ ಅವನೇ ಕೇಳ್ತಿದ್ದ.

"ನವೀನಾ... ಇದ್ದೀಯೇನೋ? ನೀನೂ ಹತ್ತಿದ್ಯೇನೋ?"

ತೊಟ್... ತೊಟ್...

ಬೆಳಗಿನ ಜಾವ ಶಿವಮೊಗ್ಗದ ಹತ್ತಿರ ಒಂದು ಬಂಕಿನಲ್ಲಿ ನಿಲ್ಲಿಸಿದ. ಬಂಕಿನ ಹುಡುಗ ಹಿಂದಿನ ಟೈರ್ ನೋಡಿ, "ಅಣ್ಣಾ, ಲೋಡ್ ಜಾಸ್ತಿ ಆಗಿದೆ" ಅಂದ. "ಏನಿಲ್ಲ ಕಣೋ, ಖಾಲಿ" ಅಂದ ಬೈರೇಶ. ಹುಡುಗ ಕೈ ಅಡ್ಡ ಹಿಡಿದು ಗಾಜಿನೊಳಗೆ ಇಣುಕಿದ. ಪೈಪು ಕೈಯಿಂದ ಬಿಟ್ಟು ಹೋಗಿ ಆಫೀಸಿನ ಬಾಗಿಲು ಹಾಕ್ಕೊಂಡ.

ಊರು ಸೇರಿದಾಗ ತಿಥಿಗೆ ಎಲೆ ಹಾಕ್ತಿದ್ರು. ಮುನಿಲಕ್ಷ್ಮಮ್ಮ ಆಂಬುಲೆನ್ಸಿನ ಸದ್ದು ಕೇಳಿ ಗೇಟಿಗೆ ಬಂದಳು. ಬೈರೇಶ ಪಕ್ಕದ ಬಾಗಿಲು ಎಳೆದ. ಒಳಗೆ ಏನೂ ಕಾಣಲಿಲ್ಲ. ಆದ್ರೆ ಒಬ್ಬೊಬ್ಬರೇ ಇಳಿದ ಹಾಗೆ ಗಾಡಿ ಒಂಬತ್ತು ಸಲ ಮೇಲಕ್ಕೆ ಎದ್ದಿತು. ಮುನಿಲಕ್ಷ್ಮಮ್ಮ ನೆಂಟರಿಗೆ ದಾರಿ ಬಿಡೋ ಹಾಗೆ ಪಕ್ಕಕ್ಕೆ ಸರಿದು ನಿಂತಳು. ಒಬ್ಬೊಬ್ಬರ ಮುಖ ನೋಡೋ ಹಾಗೆ ನೋಡಿದಳು. ಒಂದು ಸಲ ಕಣ್ಣು ಕೆಳಗೆ, ಮೊಣಕಾಲಿನಷ್ಟು ಎತ್ತರಕ್ಕೆ ಇಳಿಯಿತು.

ಎಲ್ಲಾ ಇಳಿದ ಮೇಲೆ ಬಗ್ಗಿ ಗಾಡಿಯೊಳಗೆ ನೋಡಿದಳು. ತುಂಬಾ ಹೊತ್ತು ನೋಡಿದಳು.

"ಇವ್ರೆಲ್ಲ ಯಾರ್ ಮಕ್ಕಳೋ ಬೈರೇಸ? ನನ್ ಮಗ ಎಲ್ಲೋ?"

ಬೈರೇಶ ಅಲ್ಲೇ ಮಣ್ಣಲ್ಲಿ ಕುಸಿದು ಕೂತು ಎಲ್ಲಾ ಹೇಳಿಬಿಟ್ಟ. ಟ್ಯಾಂಕರ್, ಕರೆಯದೇ ಬಿಟ್ಟದ್ದು, ಹೇಳಿದ ಸುಳ್ಳು, ಬಾಯಿಗೆ ಬಾರದ ಹೆಸರು. ಪಿಳ್ಳಪ್ಪ ಬೈಯಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ಹೊಲದ ಕಡೆ ನಡೆದ. ಅವತ್ತಿಂದ ಇವತ್ತಿನವರೆಗೆ ಬೈರೇಶನ ಹತ್ತಿರ ಒಂದು ಮಾತೂ ಆಡಿಲ್ಲ.

ಆ ದಿನ ಕಾಗೆ ಬಂದ್ವು. ಹಿಂಡುಹಿಂಡಾಗಿ ಬಂದು ಎಲೆ ಬಳಿದು ತಿಂದ್ವು. ಯಾರಿಗೂ ಸಮಾಧಾನ ಆಗಲಿಲ್ಲ. ತಿಂದದ್ದು ನವೀನನ ಹೆಸರಲ್ಲಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ಬೈರೇಶ ಇನ್ನೂ ಎರಡು ಸಲ ಆ ಸೇತುವೆಗೆ ಹೋಗಿಬಂದ. ಗಂಟಲು ಹರಿಯೋ ಹಾಗೆ ಹೆಸರಿಡ್ದು ಕೂಗಿದ. ಬರೀ ನೀರಿನ ಸದ್ದು. ಮುನಿಲಕ್ಷ್ಮಮ್ಮನ ಕನಸಿನಲ್ಲಿ ಈಗ ಸೇತುವೆ ಮಾತ್ರ ಕಾಣುತ್ತಂತೆ. ಅದರ ಮೇಲೆ ಯಾರೂ ಇಲ್ಲವಂತೆ. "ಕಾದು ಕಾದು ಎಲ್ಲಿಗೋ ನಡ್ಕೊಂಡು ಹೋಗ್ಬಿಟ್ಟ" ಅಂತಾಳೆ. ಬೈರೇಶ ಆಂಬುಲೆನ್ಸ್ ಮಾರಿದ. ಈಗ ಸ್ಟೇರಿಂಗ್ ಮುಟ್ಟಲ್ಲ.

ಮುನಿಲಕ್ಷ್ಮಮ್ಮ ಮತ್ತೆ ಊಟ ಶುರು ಮಾಡಿದಳು. ದಿನಾ ಸಂಜೆ ಒಳಮನೆಯಲ್ಲಿ ಒಂಬತ್ತು ತಟ್ಟೆ ಹಾಕ್ತಾಳೆ. ಅದರಲ್ಲಿ ಒಂದು ಸಣ್ಣ ತಟ್ಟೆ. ಬಡಿಸಿ, ದೀಪ ಆರಿಸಿ, ಆಮೇಲೆ ತಾನು ಉಣ್ತಾಳೆ. ಯಾಕೆ ಅಂತ ಕೇಳಿದ್ರೆ, "ಅವರ ತಾಯಂದ್ರೂ ಕಾಯ್ತಿರ್ತಾರಲ್ವಾ" ಅಂತಾಳೆ, ಅಷ್ಟೇ.

ಸುಳ್ಳು ಅನ್ನೋರು ಅನ್ನಿ. ನಾನು ಆ ಮನೆಗೆ ಹೋದ ತಿಂಗಳು ಹೋಗಿದ್ದೆ. ಬಾಯಾರಿಕೆ ಅಂತ ನಲ್ಲಿಗೆ ಲೋಟ ಹಿಡಿದು ಒಂದು ಗುಟುಕು ಕುಡಿದೆ... ಉಗಿದೆ. ಉಪ್ಪು. ಸಮುದ್ರದ ಉಪ್ಪು. ಪಕ್ಕದ ಮನೆ ರುಕ್ಮಿಣಮ್ಮನ ನಲ್ಲಿಗೆ ಹೋಗಿ ಕುಡಿದೆ, ಸಿಹಿನೀರು. ಎರಡು ಮನೆಗೂ ಒಂದೇ ಟ್ಯಾಂಕು, ಒಂದೇ ಪೈಪು.