‘ಬಿಡ್ತು’ ಅಂದ ಸಾಹುಕಾರ

ಒಂದು ಊರು. ಆ ಊರಿನ ಸಂತೆ ಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಸಾಹುಕಾರ. ಉಳ್ಳವನೇ. ಎರಡು ಬಾಗಿಲಿನ ಅಂಗಡಿ, ಮೇಲೆ ಮಹಡಿ ಮನೆ, ಮದುವೆ ಕಾಲದಲ್ಲಿ ಊಟಕ್ಕೂ ಪುರುಸೊತ್ತಿಲ್ಲದ ವ್ಯಾಪಾರ. ಆದರೆ ನೋಡಿ, ನೌಕರಿಯಲ್ಲಿರುವವನಿಗೆ ಆಸ್ಪತ್ರೆ ಖರ್ಚು ಕಂಪನಿ ಕೊಡುತ್ತದೆ. ಬಡವನಿಗೆ ಸರ್ಕಾರ ಕೊಡುತ್ತದೆ. ಈ ಸಾಹುಕಾರನಿಗೆ ಯಾರು ಕೊಡಬೇಕು? ಅವನ ಆರೋಗ್ಯ ವಿಮೆಯನ್ನು ಅವನೇ ಕೊಳ್ಳಬೇಕು. ಆ ಬುದ್ಧಿ ಅವನಿಗೆ ಬಂತು. ನಿಮ್ಮಲ್ಲಿ ಎಷ್ಟು ಜನಕ್ಕೆ ಬಂದಿದೆ? ಇರಲಿ, ಆಮೇಲೆ ಕೇಳುತ್ತೇನೆ.

ಒಂದು ಶುಕ್ರವಾರ ಸಂಜೆ ವಿಮೆಯ ಏಜೆಂಟನನ್ನು ಮನೆಗೇ ಕರೆಸಿದ. ಒಳಗೆ ಸಾಹುಕಾರನ ತಾಯಿ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಹೆಂಡತಿ ಕಾಫಿ ತಂದು ಬಾಗಿಲ ಬಳಿ ನಿಂತಳು.

ಏಜೆಂಟ ಮೊದಲು ತಾಯಿಯ ವಿಷಯ ಎತ್ತಿದ. “ಅಜ್ಜಿಗೆ ಎಪ್ಪತ್ತು ದಾಟಿದೆ ಅಲ್ವಾ ಸಾವ್ಕಾರ್ರೇ? ಅವರಿಗೆ ಸರ್ಕಾರದ ಕಾರ್ಡೇ ಸಿಗುತ್ತೆ. ದುಡ್ಡು ಕಟ್ಟೋದು ಬೇಡ, ಆದಾಯ ಎಷ್ಟು ಅಂತಾನೂ ಕೇಳಲ್ಲ.”

ತಾಯಿ ಒಳಗಿಂದಲೇ ಕೂಗಿದಳು. “ಸರ್ಕಾರದ ಕಾರ್ಡಾ? ನಾನೇನು ಗತಿಗೆಟ್ಟೋಳೇನಪ್ಪಾ? ನನ್ನ ಮಗ ಸತ್ತಿದಾನಾ?”

“ಅವ್ವಾ, ನೀನು ದೀಪ ಹಚ್ಚು” ಎಂದ ಸಾಹುಕಾರ. ಆ ಮಾತು ಅಲ್ಲಿಗೇ ಬಿತ್ತು. ಏಜೆಂಟ ಸಾಹುಕಾರನ ಹೆಂಡತಿಯ ವಿಷಯಕ್ಕೆ ಬಂದ. “ಅಮ್ಮಾವ್ರಿಗೆ ಶುಗರ್, ಬಿಪಿ, ಅಂಥದ್ದೇನಾದ್ರೂ ಇದೆಯಾ?”

ತಾಯಿ ದೇವರ ಮನೆಯಿಂದ ಹೊರಗೇ ಬಂದಳು. “ಥೂ, ಬಿಡ್ತು ಅನ್ನಪ್ಪಾ! ಶುಕ್ರವಾರ, ಮುತ್ತೈದೆ ಎದುರಿಗೆ ನಿಂತಿದಾಳೆ, ದೀಪ ಉರೀತಿದೆ. ಈ ಹೊತ್ತಲ್ಲಿ ರೋಗದ ಹೆಸರೆತ್ತೋದಾ? ಬಿಡ್ತು ಅನ್ನು!”

“ಬಿಡ್ತು ಅಜ್ಜಿ, ಬಿಡ್ತು” ಎಂದು ಕೆನ್ನೆ ತಟ್ಟಿಕೊಂಡ ಏಜೆಂಟ, ಸಾಹುಕಾರನ ಮುಖ ನೋಡಿದ. “ಏನು ಬರ್ಕೊಳ್ಳಲಿ?”

ಸಾಹುಕಾರನಿಗೆ ಗೊತ್ತಿತ್ತು. ಹೆಂಡತಿಗೆ ಸಕ್ಕರೆ ಕಾಯಿಲೆ. ಮಾತ್ರೆ ತರುವವನು ಅವನೇ. ಹೇಳೋಣ ಎಂದು ಬಾಯಿ ತೆರೆದ. ಎದುರಿಗೆ ತಾಯಿ ನಿಂತಿದ್ದಾಳೆ, ದೀಪ ಉರಿಯುತ್ತಿದೆ. ಅದೊಂದೇ ಆಗಿದ್ದರೆ ಹೇಳುತ್ತಿದ್ದನೋ ಏನೋ. ಆದರೆ ಕಾಯಿಲೆ ಇದ್ದರೆ ಕಂತು ಜಾಸ್ತಿಯಾಗುತ್ತದೆ, ಆ ಕಾಯಿಲೆಯ ಖರ್ಚು ಮೂರು ವರ್ಷ ಕಳೆದ ಮೇಲೇ ಸಿಗುವುದು ಎಂದು ಏಜೆಂಟ ಆಗಲೇ ಹೇಳಿದ್ದ. ಮನಸ್ಸು ಒಂದು ಲೆಕ್ಕ ಹಾಕಿತು. ತಾಯಿಯ ಮಾತು ಆ ಲೆಕ್ಕಕ್ಕೆ ಒಳ್ಳೆಯ ನೆಪವಾಯಿತು.

“ಬಿಡ್ತು” ಎಂದ.

ಏಜೆಂಟ ‘ಇಲ್ಲ’ ಎಂದು ಬರೆದುಕೊಂಡ. ಹೆಂಡತಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ನಾಲ್ಕನೆಯ ವರ್ಷ ಅವಳ ಕಾಲಿಗೆ ಒಂದು ಗಾಯವಾಯಿತು. ಚಪ್ಪಲಿ ಉಜ್ಜಿದ ಗಾಯ, ಅಷ್ಟೇ. ಅರಿಶಿನ ಹಚ್ಚಿದರು, ಮಾಯಲಿಲ್ಲ. ಪಾದ ಕಪ್ಪಗಾಗತೊಡಗಿದಾಗ ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಗಾಯ ನೋಡಿ, “ಶುಗರ್ ಎಷ್ಟು ವರ್ಷದಿಂದ ಇದೆ?” ಎಂದು ಕೇಳಿದರು.

ಈಗ ಯಾರು ಉತ್ತರ ಕೊಟ್ಟರು ಗೊತ್ತೇ? ಅದೇ ತಾಯಿ. ಸೆರಗಿನಿಂದ ಕಣ್ಣೊರೆಸಿಕೊಂಡು, “ಎಂಟು ವರ್ಷ ಆಯ್ತು ಸ್ವಾಮಿ, ಪಾಪ, ದಿನಾ ಮಾತ್ರೆ ನುಂಗ್ತಾಳೆ” ಎಂದಳು. ಅಂದೂ ಶುಕ್ರವಾರವೇ! ಡಾಕ್ಟರ ಮುಂದೆ ಬಿಡ್ತು ಅನ್ನಲಿಲ್ಲ. ಅಲ್ಲಿ ಸುಳ್ಳು ಹೇಳಿದರೆ ಜೀವಕ್ಕೆ ಅಪಾಯ ಎಂದು ಅವಳಿಗೆ ಗೊತ್ತಿತ್ತು.

ಡಾಕ್ಟರು ಬರೆದದ್ದನ್ನು ವಿಮೆಯವರು ಓದಿದರು. ವಿಮೆ ಕೊಂಡಾಗಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಿ, ಒಂದು ರೂಪಾಯಿಯೂ ಕೊಡುವುದಿಲ್ಲ ಎಂದುಬಿಟ್ಟರು.

ಸಾಹುಕಾರ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಏಜೆಂಟನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ.

“ನಾನು ಕೇಳಿದ್ನಲ್ಲ ಸಾವ್ಕಾರ್ರೇ. ನೀವು ಬಿಡ್ತು ಅಂದ್ರಿ.”

“ಬಿಡ್ತು ಅಂದ್ರೆ ಇಲ್ಲ ಅಂತ ಅರ್ಥವೇನಯ್ಯಾ?”

“ಮತ್ತೆ ಇದೆ ಅಂತ ಅರ್ಥವಾ?”

ಆ ಏಜೆಂಟನೇನು ಸಾಚಾ ಅಲ್ಲ. ಬಿಡಿಸಿ ಕೇಳಬೇಕಿತ್ತು, ಕೇಳಲಿಲ್ಲ. ಅವನಿಗೆ ಅವನ ಕಮಿಷನ್ನಿನ ಚಿಂತೆ. ಆದರೆ ಕಾಲು ಯಾರದು? ಏಜೆಂಟನದೇ?

ಬಿಲ್ಲು ಕಟ್ಟಲು ಸಾಹುಕಾರ ಅಂಗಡಿಯ ಒಂದು ಬಾಗಿಲಿನ ಭಾಗವನ್ನು ಪಕ್ಕದ ಬಟ್ಟೆ ವ್ಯಾಪಾರಿಗೆ ಮಾರಿದ. ಹೆಂಡತಿಯ ಮೂರು ಬೆರಳು ತೆಗೆದು ಪಾದ ಉಳಿಸಿದರು. ಎಚ್ಚರವಾದ ಮೇಲೆ ಅವಳಿಗೆ ಎಲ್ಲವನ್ನೂ ಹೇಳಿದ. ಹೇಳದೆ ವಿಧಿಯಿರಲಿಲ್ಲ. ಅವಳು ಕಟ್ಟು ಹಾಕಿದ ಪಾದ ನೋಡಿಕೊಂಡು ಹೇಳಿದಳು:

“ರೀ, ಅವತ್ತು ನಾನು ಅಲ್ಲೇ ನಿಂತಿದ್ದೆ. ಅವನು ಕೇಳಿದ್ದು ನನ್ನ ಕಾಯಿಲೆ. ಉತ್ತರ ಹೇಳಿದ್ದು ಅತ್ತೆ, ಅದಕ್ಕೆ ಬಿಡ್ತು ಅಂದಿದ್ದು ನೀವು. ನನ್ನನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ.”

ಅವನು ಅವಳ ಹೊದಿಕೆ ಸರಿಮಾಡಿ ಹೊರಗೆ ಬಂದು ಕುಳಿತ.

ಕಥೆ ಮುಗಿಯಿತು. ನಿಟ್ಟುಸಿರು ಬಿಡಬೇಡಿ. ನಿಮ್ಮ ನಿಟ್ಟುಸಿರು ಕೇಳಿ ಕೇಳಿ ನನಗೆ ಸಾಕಾಗಿದೆ. ಅಯ್ಯೋ ಪಾಪ ಅನ್ನುತ್ತೀರಿ, ಮನೆಗೆ ಹೋಗುತ್ತೀರಿ, ಏಜೆಂಟ ಬಂದರೆ ಅದನ್ನೇ ಮಾಡುತ್ತೀರಿ.

ಅವನು ನಿಜ ಹೇಳಿದ್ದರೆ ಏನಾಗುತ್ತಿತ್ತು? ಕಂತು ಸ್ವಲ್ಪ ಜಾಸ್ತಿ, ಮೂರು ವರ್ಷ ಕಾಯುವುದು. ಅವಳ ಕಾಲು ಕೆಟ್ಟದ್ದು ನಾಲ್ಕನೆಯ ವರ್ಷ. ನಿಜ ಹೇಳಿದ್ದರೆ ವಿಮೆಯ ಹಣ ಬರುತ್ತಿತ್ತು! ತಿಳಿಯಿತೇ? ಸುಳ್ಳಿನಿಂದ ಉಳಿಸಿದ್ದು ಒಂದಿಷ್ಟು ಕಂತು, ಕಳೆದದ್ದು ಅರ್ಧ ಅಂಗಡಿ.

ಹಾಗಾದರೆ ನೀವು ಏನು ಮಾಡಬೇಕು? ಇದ್ದ ಕಾಯಿಲೆ ಇದೆ ಅನ್ನಿ. ಏಜೆಂಟ ಏನು ಬರೆದುಕೊಂಡ ಎಂದು ಓದಿಸಿಕೊಂಡು ಸಹಿ ಹಾಕಿ. ಸಹಿ ಹಾಕುವುದಕ್ಕೆ ಮೊದಲು ಬಾಯಿಬಿಟ್ಟು ಕೇಳಿ: ನಮ್ಮ ಕಡೆಯ ಆಸ್ಪತ್ರೆ ನಿಮ್ಮ ಪಟ್ಟಿಯಲ್ಲಿದೆಯೇ, ರೂಮಿನ ಬಾಡಿಗೆಗೆ ಮಿತಿ ಇದೆಯೇ, ಬಿಲ್ಲಿನಲ್ಲಿ ನಮ್ಮ ಕೈಯಿಂದ ಎಷ್ಟು ಹೋಗುತ್ತದೆ? ಸೀರೆ ಕೊಳ್ಳುವಾಗ ಅಂಚು, ಸೆರಗು ಎಲ್ಲ ಬಿಡಿಸಿ ನೋಡುವುದಿಲ್ಲವೇ? ಇದಕ್ಕೇಕೆ ಸಂಕೋಚ? ಇನ್ನು ಮನೆಯ ಹಿರಿಯರಿಗೆ, ಕಡಿಮೆ ಆದಾಯದವರಿಗೆ, ಸಹಕಾರ ಸಂಘದ ಸದಸ್ಯರಿಗೆ ಸರ್ಕಾರ ಬೇರೆ ಬೇರೆ ಯೋಜನೆ ಇಟ್ಟಿದೆ. ನಿಮಗೆ ಯಾವುದು ಸಲ್ಲುತ್ತದೆ ಎಂದು ಹೋಗಿ ವಿಚಾರಿಸಿ. ಅದು ಭಿಕ್ಷೆಯಲ್ಲ, ನೀವು ಕಟ್ಟಿದ ತೆರಿಗೆ. ಮತ್ತೆ, ಗಂಡಸರಿಗೆ ಒಂದು ಮಾತು: ಹೆಂಡತಿಯ ಮೈಯ ವಿಷಯವನ್ನು ಹೆಂಡತಿಯನ್ನೇ ಕೇಳಿ.

ಈಗ ಒಂದು ಪರೀಕ್ಷೆ. ಸಕ್ಕರೆ ಕಾಯಿಲೆ ಇರುವವರು ಕೈ ಎತ್ತಿ ನೋಡೋಣ.

ಒಬ್ಬರೂ ಇಲ್ಲ. ಇಷ್ಟು ದೊಡ್ಡ ಸಭೆಯಲ್ಲಿ ಒಬ್ಬರಿಗೂ ಇಲ್ಲ. ಬಹಳ ಸಂತೋಷ.

ಇನ್ನು ಸ್ವಲ್ಪ ಹೊತ್ತಿಗೆ ಪ್ರಸಾದದ ಪಂಕ್ತಿಯಲ್ಲಿ ಕೂರುತ್ತೀರಿ. ಪಾಯಸದ ಬಕೆಟ್ಟು ಬರುತ್ತದೆ. ಆಗ ಎಲೆಗೆ ಅಡ್ಡ ಕೈ ಹಿಡಿದು, “ಬೇಡಪ್ಪಾ, ನನಗೆ ಶುಗರ್ ಇದೆ” ಎಂದು ಬಡಿಸುವ ಹುಡುಗನಿಗೆ ಹೇಳುತ್ತೀರಲ್ಲ, ಆ ಒಂದು ಮಾತನ್ನು ವಿಮೆಯವನಿಗೂ ಹೇಳಿ. ಏಳಿ, ಊಟಕ್ಕೆ ನಡೆಯಿರಿ.