ಅಕ್ಕಯಮ್ಮನವರ ಬಾಗಿಲ ಕಟ್ಟೆ

ವೇದಿಕೆಯ ಮೇಲಿರುವ ಪಾಸ್ಟರ್ ಆನಂದರಾಜ್ ಅವರೇ, ಬಣ್ಣದ ಡಬ್ಬಿಗಳನ್ನೂ ನಾನು ಹಾಕಿಕೊಂಡಿರುವ ಈ ಟೀ ಶರ್ಟನ್ನೂ ಕೊಟ್ಟ ಕಂಪನಿಯಿಂದ ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಸೇವಾ ತಂಡದ ನಾಯಕರಾದ ಡೆನ್ಸಿಲ್ ಅಂಕಲ್ ಅವರೇ, ಮುಂದಿನ ಸಾಲಿನಲ್ಲಿ ಈಗತಾನೇ ಹೊದಿಸಿದ ಶಾಲಿನಲ್ಲಿ ಕುಳಿತಿರುವ ಹೊಸಕೆರೆಹಳ್ಳಿಯ ಅಕ್ಕಯಮ್ಮನವರೇ, ಮತ್ತು ಬಿರಿಯಾನಿಯ ವಾಸನೆ ಬಂದ ಮೇಲೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ನನ್ನ ಹೆಸರು ಸಮನ್ವಿತಾ. ಬಿ.ಕಾಂ. ಮೊದಲ ವರ್ಷ. ಜಯನಗರದ ಹಾಸ್ಟೆಲಿನಲ್ಲಿದ್ದೇನೆ. ವಂದನಾರ್ಪಣೆಯ ಜವಾಬ್ದಾರಿ ನನಗೇಕೆ ಬಂತು? ನಮ್ಮ ತಂಡದಲ್ಲಿ ಮೂವತ್ತೆರಡು ಜನ. ಅವರಲ್ಲಿ ಕನ್ನಡ ಓದಲು ಬರುವವರು ಐದು ಜನ. ಆ ಐವರಲ್ಲಿ ಯಾರಿಗೂ 'ಇಲ್ಲ' ಅನ್ನಲು ಬಾರದವಳು ನಾನೊಬ್ಬಳೇ.

ಓದಬೇಕಾದ ಹಾಳೆಯನ್ನು ಕಾರ್ಯದರ್ಶಿ ಸುನಿತಾ ಆಂಟಿ ಬರೆದುಕೊಟ್ಟಿದ್ದಾರೆ. ಅದರಲ್ಲಿ 'ಹೃದಯಾಳದ ಧನ್ಯವಾದಗಳು' ಎಂದು ನಾಲ್ಕು ಕಡೆ ಇದೆ. ನಾಲ್ಕನ್ನೂ ಇಲ್ಲೇ ಒಟ್ಟಿಗೆ ಹೇಳಿಬಿಡುತ್ತೇನೆ: ಹೃದಯಾಳದ ಧನ್ಯವಾದಗಳು. ಇನ್ನು ಹಾಳೆಯನ್ನು ಮಡಿಚಿಡುತ್ತೇನೆ. ಸಾರಿ ಆಂಟಿ.

ಸಭಿಕರೇ, ನಾವು ಮಾಡಿದ ಸೇವೆಯ ವಿಡಿಯೋ ಈಗಷ್ಟೇ ನೋಡಿದಿರಿ. ಹಿಂದೆ ಗಿಟಾರ್, ಮುಂದೆ ನಗುವ ಮುಖಗಳು. ಸೆಪ್ಟೆಂಬರಿನ ಮಳೆಗೆ ರಾಜಕಾಲುವೆ ಉಕ್ಕಿ ಅಕ್ಕಯಮ್ಮನವರ ಬೀದಿಗೆ ನುಗ್ಗಿತು. ಒಂಬತ್ತು ಮನೆಗಳಿಗೆ ಪೆಟ್ಟಾಯಿತು. ನಾವು ನಾಲ್ಕು ಶನಿವಾರ ಹೋಗಿ ಒಂಬತ್ತನ್ನೂ ರಿಪೇರಿ ಮಾಡಿದೆವು. ಹೇಗೆ ಮಾಡಿದೆವು? ಹತ್ತಡಿ ಅಗಲದ ಮನೆಯೊಳಗೆ ಮೂವತ್ತೆರಡು ಜನ ನಿಂತರೆ ಬ್ರಷ್ ಆಡಿಸಲು ಜಾಗ ಎಲ್ಲಿಂದ ಬರಬೇಕು? ಆರು ಜನ ಬಣ್ಣ ಹೊಡೆದರು. ಉಳಿದವರು ಬಣ್ಣ ಹೊಡೆಯುವವರ ಫೋಟೋ ತೆಗೆದರು. ಗೋಡೆ ಇನ್ನೂ ಹಸಿಯಾಗಿತ್ತು, ಬೆರಳು ಇಟ್ಟರೆ ತಣ್ಣಗಾಗುತ್ತಿತ್ತು. ಅದರ ಮೇಲೆಯೇ ಆಕಾಶನೀಲಿ ಬಳಿದೆವು. ಒಣಗಲು ಬಿಟ್ಟಿದ್ದರೆ ವಾಲಂಟಿಯರ್‌ಗಳ ಶನಿವಾರಗಳು ಮುಗಿದುಹೋಗುತ್ತಿದ್ದವು. ಮುಖ್ಯ ಅತಿಥಿಗಳೂ ಒಮ್ಮೆ ಬಂದಿದ್ದರು. ಏಳು ನಿಮಿಷ ಇದ್ದರು. ಬ್ರಷ್ ಹಿಡಿದರು. ಬ್ರಷ್ಷಿನಲ್ಲಿ ಬಣ್ಣ ಇರಲಿಲ್ಲ ಸಾರ್. ಹೇಳಲು ಯಾರಿಗೂ ಧೈರ್ಯ ಬರಲಿಲ್ಲ.

ನಾನೇನು ದೊಡ್ಡ ಸೇವಕಿಯೇ? ನಾನು ಈ ಚರ್ಚಿನವಳೂ ಅಲ್ಲ. ಅರವತ್ತು ಗಂಟೆ ಸಮಾಜಸೇವೆ ಮಾಡಿದರೆ ಕಾಲೇಜಿನಲ್ಲಿ ಎರಡು ಕ್ರೆಡಿಟ್ ಕೊಡುತ್ತಾರೆ. ಗೇಟಿನ ಮೇಲಿದ್ದ ನಿಮ್ಮ ಪೋಸ್ಟರ್ ನೋಡಿ ಬಂದೆ. ಕನ್ನಡ ಬರುತ್ತದೆಯೆಂದು ಗೊತ್ತಾದದ್ದೇ ತಡ, ಡೆನ್ಸಿಲ್ ಅಂಕಲ್ ನನ್ನ ಕೊರಳಿಗೆ ಒಂದು ಕಾರ್ಡ್ ನೇತುಹಾಕಿದರು. 'ಲ್ಯಾಂಗ್ವೇಜ್ ಕೋ-ಆರ್ಡಿನೇಟರ್'. ನನ್ನ ಕನ್ನಡ ಎಂಥದ್ದು ಎಂದು ನೀವು ಕೇಳುತ್ತಲೇ ಇದ್ದೀರಿ. ಆದರೂ ಆ ದಿನ ಹಾಸ್ಟೆಲಿನ ಕನ್ನಡಿಯ ಮುಂದೆ ನಿಂತು ಕಾರ್ಡ್ ಸರಿಮಾಡಿಕೊಂಡೆ.

ಈಗ ಕಟ್ಟೆಯ ವಿಷಯಕ್ಕೆ ಬರುತ್ತೇನೆ.

ವಿಡಿಯೋದಲ್ಲಿ 'ಮೊದಲು' ಎಂದು ತೋರಿಸಿದ ಫೋಟೋದಲ್ಲಿ ಅಕ್ಕಯಮ್ಮನವರ ಬಾಗಿಲಿಗೆ ಅಡ್ಡವಾಗಿ ಮೊಣಕಾಲೆತ್ತರದ ಒಂದು ಕಟ್ಟೆ ಇತ್ತು, ಗಮನಿಸಿದಿರಾ? ಸೊಟ್ಟ ಕಟ್ಟೆ. ಒಂದೊಂದು ಇಟ್ಟಿಗೆ ಒಂದೊಂದು ಬಣ್ಣ. ಅವರ ಬೀದಿಗೆ ವರ್ಷ ವರ್ಷ ಟಾರು ಹಾಕಿ ಹಾಕಿ ರಸ್ತೆ ಮೇಲೇರಿದೆ, ಮನೆಗಳು ಕೆಳಗೆ ಉಳಿದಿವೆ. ರಸ್ತೆಯ ನೀರು ಮನೆಯೊಳಗೆ ಇಳಿಯದಂತೆ ಅವರೇ ಕಟ್ಟಿಕೊಂಡ ಕಟ್ಟೆ ಅದು. ಒಳಗೆ ಹೋಗಬೇಕೆಂದರೆ ಅದನ್ನು ದಾಟಿ ಇಳಿಯಬೇಕು. ಸೆಪ್ಟೆಂಬರಿನಲ್ಲಿ ಪಕ್ಕದ ಮನೆಗಳಲ್ಲಿ ಸೊಂಟದ ತನಕ ನೀರು ನಿಂತಾಗ ಇವರ ಮನೆಯಲ್ಲಿ ಪಾದದ ಗಂಟಿನ ತನಕ ಮಾತ್ರ ನಿಂತಿತ್ತು. ಅದಕ್ಕೆ ಆ ಕಟ್ಟೆಯೇ ಕಾರಣ.

ನಮಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ನಮಗೆ ಕಂಡದ್ದು ಫೋಟೋಗೆ ಅಡ್ಡ ಬರುವ ಸೊಟ್ಟ ಕಟ್ಟೆ, ಮತ್ತು ಮೊಣಕಾಲು ನೋವಿನ ಒಬ್ಬ ಅಜ್ಜಿ. ಡೆನ್ಸಿಲ್ ಅಂಕಲ್ ಇಂಜಿನಿಯರ್, ನಿಜ. ಮೂವತ್ತು ವರ್ಷ ಲಿಫ್ಟುಗಳನ್ನು ನೋಡಿಕೊಂಡವರು. ಮೇಲೆ ಹೋಗುವುದು, ಕೆಳಗೆ ಬರುವುದು ಎಲ್ಲವೂ ಗುಂಡಿ ಒತ್ತಿದಂತೆ ಆಗಬೇಕೆಂದು ನಂಬಿದವರು. "ಈ ಕಟ್ಟೆ ತೆಗೆದು ರಸ್ತೆಯಿಂದ ಬಾಗಿಲಿಗೆ ನೀಟಾಗಿ ಒಂದು ರ‍್ಯಾಂಪ್ ಮಾಡೋಣ. ಓಕೆನಾ ಅಂತ ಅವರನ್ನ ಕೇಳು," ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು.

ಕೇಳಿದೆ. ಅಕ್ಕಯಮ್ಮನವರು ಹೇಳಿದ್ದು ಇಷ್ಟು: "ಅದೊಂದ್ ಮುಟ್ಬ್ಯಾಡಿ ಕಣವ್ವ. ರೋಡು ಮ್ಯಾಕೋಯ್ತು, ನನ್ ಮನೆ ಗುಂಡೀಗ್ ಬಿತ್ತು. ಗೋಡೆಗ್ ಬಣ್ಣ ಹೊಡೀದಿದ್ರೂ ಪರ್ವಾಗಿಲ್ಲ, ಅದ ಮಾತ್ರ ಬಿಟ್‌ಬುಡಿ. ನಿಮ್ಮ್ ಸಾಹೇಬ್ರಿಗೆ ಹೇಳು ಮಗ."

"ವಾಟ್ ಈಸ್ ಶಿ ಸೇಯಿಂಗ್?" ಎಂದರು ಅಂಕಲ್. ಕೈಯ ವಾಚ್ ನೋಡುತ್ತಿದ್ದರು. ಹಿಂದೆ ಮೂವತ್ತು ಜನ ನಿಂತಿದ್ದರು. ಊಟದ ಡಬ್ಬಗಳು ಬಂದಿದ್ದವು.

ಸಭಿಕರೇ, ನಾನು ಮೂರನೇ ಕ್ಲಾಸಿನಿಂದ ಹಾಸ್ಟೆಲ್‌ಗಳಲ್ಲೇ ಬೆಳೆದವಳು. ಅಪ್ಪನಿಗೆ ಊರಲ್ಲಿ ಹಾರ್ಡ್‌ವೇರ್ ಅಂಗಡಿ, ಮಗಳು ಇಂಗ್ಲಿಷ್ ಕಲಿಯಲೆಂಬ ಆಸೆ. ಭಾನುವಾರ ಐದು ನಿಮಿಷ ಮನೆಗೆ ಫೋನ್ ಮಾಡಬಹುದಿತ್ತು, ವಾರ್ಡನ್ ಪಕ್ಕದಲ್ಲೇ ಕೂತಿರುತ್ತಿದ್ದರು. "ಹೆಂಗಿದೀಯ ಪುಟ್ಟಾ?" ಎಂದು ಅಮ್ಮ ಕೇಳಿದರೆ "ಸೂಪರಾಗಿದೀನಿ" ಅನ್ನುತ್ತಿದ್ದೆ. ಜ್ವರ ಇದ್ದಾಗಲೂ ಸೂಪರ್. ಒಂದು ಸಲ ಕೈ ಮುರಿದಾಗಲೂ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಸೂಪರ್ ಅಂದೆ. ಪಕ್ಕದಲ್ಲಿ ನಿಂತವರಿಗೆ ಯಾವುದು ಇಷ್ಟವೋ ಅದೇ ನನ್ನ ಬಾಯಿಂದ ಬರುತ್ತಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೋ ಗೊತ್ತಿಲ್ಲ, ಹಾಳೆಯಲ್ಲಿ ಇರಲಿಲ್ಲ. ಅಮ್ಮನಿಗೂ ಇದು ಗೊತ್ತಿಲ್ಲ.

ಇರಲಿ. ಅಂಕಲ್ ಕೇಳಿದ್ದಕ್ಕೆ ನಾನು, "ಶಿ ಈಸ್ ಸೇಯಿಂಗ್ ಓಕೆ, ಅಂಕಲ್," ಎಂದೆ.

ಕೆಲಸಕ್ಕೆ ಕರೆಸಿದ್ದ ಗಾರೆ ಮೇಸ್ತ್ರಿ ಬೈಲಪ್ಪನವರು ಸುತ್ತಿಗೆ ಹಿಡಿದು ನಿಂತಿದ್ದರು. ಬೆಂಗಳೂರಿನ ಬಿಲ್ಡಿಂಗುಗಳಲ್ಲಿ ದುಡಿದವರಿಗೆ 'ಓಕೆ' ಎಂದರೆ ಅರ್ಥವಾಗುವುದಿಲ್ಲವೇ? "ಏನ್ ಮೇಡಂ, ಅಜ್ಜಿ ಬ್ಯಾಡ ಅಂತದೆ, ನೀವು ಓಕೆ ಅಂತೀರಾ?" ಎಂದರು. ನಾನು ಅವರ ಮುಖ ನೋಡಲಿಲ್ಲ. ಅಕ್ಕಯಮ್ಮನವರ ಕಡೆ ತಿರುಗಿ, "ಅಂಕಲ್ ಇಂಜಿನಿಯರ್ ಅಜ್ಜಿ, ಅವರಿಗೆ ಎಲ್ಲಾ ಗೊತ್ತು," ಎಂದೆ. ಒಂದು ನಿಮಿಷದಲ್ಲಿ ಎರಡು ಭಾಷೆಯಲ್ಲಿ ಎರಡು ಸುಳ್ಳು. ಲ್ಯಾಂಗ್ವೇಜ್ ಕೋ-ಆರ್ಡಿನೇಟರ್!

ಕಟ್ಟೆ ಬೀಳಲು ಕಾಲು ಗಂಟೆಯೂ ಬೇಕಾಗಲಿಲ್ಲ. ರ‍್ಯಾಂಪ್ ಚೆನ್ನಾಗಿಯೇ ಬಂತು. ರಸ್ತೆಯಿಂದ ಬಾಗಿಲಿಗೆ ಜಾರುಬಂಡೆಯಂತೆ ಇಳಿಯುತ್ತದೆ. ಇವತ್ತಿನ ಆಮಂತ್ರಣ ಪತ್ರದ ಮುಖಪುಟದಲ್ಲಿರುವುದು ಅದೇ.

ಕಳೆದ ಮಂಗಳವಾರ ಸಂಜೆ ಮಳೆ ಬಂತಲ್ಲ, ನಿಮ್ಮಲ್ಲಿ ಬಹಳಷ್ಟು ಜನ ಬನಶಂಕರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಿರಿ, ವಾಟ್ಸಾಪ್ ಗ್ರೂಪಿನಲ್ಲಿ ಬೈದುಕೊಂಡಿದ್ದಿರಿ. ಆ ಸಂಜೆ ನೀರು ನಮ್ಮ ರ‍್ಯಾಂಪಿನ ಮೇಲೆ ಇಳಿದು ಬಂತು. ಅಜ್ಜಿಯ ಮೊಣಕಾಲಿಗೆಂದು ಮಾಡಿದ ಅನುಕೂಲ ನೀರಿಗೂ ಆಯಿತು. ಕಾಲುವೆ ಉಕ್ಕಿರಲಿಲ್ಲ ಸಭಿಕರೇ, ಸಾಧಾರಣ ಮಳೆ. ಆದರೂ ನೀರು ಮಂಚದ ಹಲಗೆ ಮುಟ್ಟಿತು.

ನನಗೆ ಗೊತ್ತಾದದ್ದು ಬುಧವಾರ. ಆಮಂತ್ರಣ ಪತ್ರ ಕೊಡಲು ಹೋಗಿದ್ದೆ. ಅಕ್ಕಯಮ್ಮನವರು ತಟ್ಟೆಯಲ್ಲಿ ಕೆಸರು ತುಂಬಿ ತುಂಬಿ ಹೊರಗೆ ಚೆಲ್ಲುತ್ತಿದ್ದರು. ಗೋಡೆಯ ಆಕಾಶನೀಲಿ ಹಪ್ಪಳದಂತೆ ಎದ್ದಿತ್ತು. ಪತ್ರ ಚಾಚಿದೆ. "ಒಣಗಿರೋ ಕಡೆ ಇಡು ಮಗ," ಎಂದರು. ಸುತ್ತ ನೋಡಿದೆ. ಬೀರುವಿನ ತಲೆಯೊಂದನ್ನು ಬಿಟ್ಟರೆ ಒಣಗಿದ ಜಾಗವೇ ಇರಲಿಲ್ಲ.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ಅವ್ರಿಗೆ ಕನ್ನಡ ಬರಾಕಿಲ್ಲ, ತಿಳೀಲಿಲ್ಲ. ನಿಂಗ್ ಬತ್ತದೆ ಅಂತ ನಿನ್ನತ್ರ ಹೇಳ್ದೆ," ಎಂದರು. ಅಷ್ಟೇ. ಆಮೇಲೆ ತಟ್ಟೆ ಕೆಳಗಿಟ್ಟು, "ಬತ್ತೀನಿ ಫಂಕ್ಷನ್‌ಗೆ. ಅಲ್ಲಿ ನೀ ಏನ್ ಹೇಳ್ತೀಯೋ ಕೇಳ್ಬೇಕು," ಎಂದರು.

ಬಂದಿದ್ದಾರೆ. ಕೇಳುತ್ತಿದ್ದಾರೆ.

ಪಾಸ್ಟರ್, ನಾಲ್ಕು ದಿನದಿಂದ ನಿಮಗೆ ಮೆಸೇಜ್ ಟೈಪ್ ಮಾಡಿ ಮಾಡಿ ಅಳಿಸಿದ್ದೇನೆ. ಮೈಕ್ ಸಿಗುವ ತನಕ ಕಾದದ್ದು ತಪ್ಪು, ಗೊತ್ತು. ಆದರೆ ಒಬ್ಬರ ಪಕ್ಕದಲ್ಲಿ ನಿಂತು ಹೇಳಲು ನನಗೆ ಬರುವುದಿಲ್ಲ. ಇಲ್ಲಿ ಪಕ್ಕದಲ್ಲಿ ಯಾರೂ ಇಲ್ಲ.

ಹೊರಗೆ ಮೋಡ ಕಟ್ಟಿದೆ. ಕಟ್ಟೆಯನ್ನು ಮತ್ತೆ ಕಟ್ಟಲು ಬೈಲಪ್ಪನವರು ಮೂರು ಗಂಟೆಗೆ ಅಜ್ಜಿಯ ಮನೆಗೆ ಬರುತ್ತೇನೆಂದಿದ್ದಾರೆ. ಒಡೆದ ಇಟ್ಟಿಗೆಗಳನ್ನು ಅಜ್ಜಿ ಎಸೆದಿಲ್ಲ, ಹಿತ್ತಲಲ್ಲಿ ಜೋಡಿಸಿಟ್ಟಿದ್ದಾರೆ. ನಾವು ಮತ್ತೆ ಬುದ್ಧಿ ಕಲಿತು ಬರುತ್ತೇವೆಂದು ನಂಬಿ ಇಟ್ಟರೋ, ನಮ್ಮನ್ನು ನಂಬದೆ ಇಟ್ಟರೋ, ಕೇಳಲಿಲ್ಲ. ಗಾರೆ ಕಲಸಲು ಇಬ್ಬರು, ಇಟ್ಟಿಗೆ ಹೊರಲು ಇಬ್ಬರು ಸಾಕು. ಮೂವತ್ತೆರಡು ಜನ ಬೇಡ. ಗಿಟಾರ್ ಖಂಡಿತ ಬೇಡ. ಒಬ್ಬಳು ನಾನು. ಇನ್ನು ಮೂವರು ಬೇಕು. ನನ್ನ ಅರವತ್ತು ಗಂಟೆಯ ಸರ್ಟಿಫಿಕೇಟ್ ಪಾಸ್ಟರ್ ಹತ್ತಿರವೇ ಇರಲಿ.

ಡೆನ್ಸಿಲ್ ಅಂಕಲ್, ನಿಮ್ಮನ್ನು ಇಷ್ಟು ಹೊತ್ತು ಬೈದೆ. ಆದರೆ ಆ ದಿನ ನೀವು ಒಡೆಯುವ ಮೊದಲು ಕೇಳಿದಿರಿ. ಸರಿಯಾಗಿಯೇ ಕೇಳಿದಿರಿ. ನಿಮ್ಮ ಪ್ರಶ್ನೆಗೆ ಉತ್ತರ ಬಾಕಿ ಇತ್ತು, ಈಗ ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ.

ಶಿ ಸೆಡ್ ನೋ, ಅಂಕಲ್.

ಅಕ್ಕಯಮ್ಮನವರೇ, ಹೇಳಿದೆ.

ಕೂತು ಕೇಳಿದ ಎಲ್ಲರಿಗೂ, ಎದ್ದು ಹೋದ ಇಬ್ಬರಿಗೂ ಧನ್ಯವಾದ. ಊಟ ಬೇಗ ಮುಗಿಸಿ, ಮೂರು ಗಂಟೆಯೊಳಗೆ ಅಲ್ಲಿರಬೇಕು. ನಮಸ್ಕಾರ.